ಹಲ್ಲು ಕಾಣಬೇಕು

ನನ್ನ ತಂಗಿಯ ಮಗಳಿಗೆ ಸಿಟ್ಟೇ ಬರುವುದಿಲ್ಲ. ಬರಲು ಮ್ಯಾನೇಜರ್ ಪರ್ಮಿಷನ್ ಕೊಟ್ಟಿಲ್ಲ!

ಬಳ್ಳಾರಿಯ ಗಾಂಧಿನಗರದ ಸೀರೆ ಅಂಗಡಿಯೊಂದರಲ್ಲಿ ಅವಳಿಗೆ ಕೆಲಸ. ದಿನವಿಡೀ ನಿಂತು ಸೀರೆ ಹರವುವುದು, ಸೆರಗನ್ನು ತನ್ನ ಹೆಗಲಿಗೆ ಹಾಕಿ ತೋರಿಸುವುದು, ನಗುವುದು. ಬರೀ ನಕ್ಕರೆ ಸಾಲದು, ಹಲ್ಲು ಕಾಣಬೇಕು. ಕಾಣುತ್ತವೆಯೋ ಇಲ್ಲವೋ ನೋಡಿಕೊಳ್ಳಲಿ ಎಂದು ಮ್ಯಾನೇಜರ್ ಕೌಂಟರಿನ ಎದುರಿಗೇ ಕನ್ನಡಿ ಅಂಟಿಸಿದ್ದಾನೆ. ವಾಟ್ ಎ ಮ್ಯಾನ್! ಸಿರುಗುಪ್ಪದಿಂದ ಬಂದ ಹೆಂಗಸೊಬ್ಬಳು ನಲವತ್ತು ಸೀರೆ ಬಿಚ್ಚಿಸಿ, ಎಲ್ಲವೂ ನಿನ್ನ ಮುಖದ ಹಾಗೇ ಇವೆ ಎಂದು ಎದ್ದುಹೋದಳಂತೆ. ಇವಳು ಬಾಗಿಲತನಕ ಕಳಿಸಿಬಂದಳಂತೆ. ನಾನಾಗಿದ್ದರೆ ನಲವತ್ತೊಂದನೆಯ ಸೀರೆಯಲ್ಲಿ ಅವಳನ್ನೇ ಸುತ್ತಿ ಕಳಿಸುತ್ತಿದ್ದೆ!

ಅಂಗಡಿ ಮುಚ್ಚಿದರೂ ಈ ನಗು ಮುಚ್ಚುವುದಿಲ್ಲ. ಬಸ್ಸಿನಲ್ಲಿ ಯಾರೋ ಕಾಲು ತುಳಿದರೆ ಇವಳೇ ಸಾರಿ ಕೇಳುತ್ತಾಳೆ. ಹಲ್ಲು ಕೀಳಿಸಿಕೊಂಡ ದಿನ ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಡಾಕ್ಟರಿಗೆ 'ಸೂಪರ್ ಸರ್' ಎಂದಳು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ನಗುವ ವಿಷಯವೇ ಅದು? ನಮ್ಮ ಕಾನ್ವೆಂಟಿನ ಸಿಸ್ಟರ್ ಕೂಡ 'ಸ್ಮೈಲ್, ಗರ್ಲ್ಸ್' ಎನ್ನುತ್ತಿದ್ದರು. ಆದರೆ ಬೆಲ್ ಹೊಡೆದ ಮೇಲೆ ನಮ್ಮ ಮುಖ ನಮಗೆ ವಾಪಸ್ ಸಿಗುತ್ತಿತ್ತು.

ಹೋದ ತಿಂಗಳು ಕುರುಗೋಡಿನಲ್ಲಿ ನನ್ನ ತಂಗಿ, ಅಂದರೆ ಇವಳ ತಾಯಿ, ತೀರಿಕೊಂಡಳು. ಸಾವಿನ ಮನೆಯಲ್ಲಿ ಹೊರಡುವವರು 'ಬರ್ತೀನಿ' ಅನ್ನಬಾರದು, ಮನೆಯವರು 'ಬರ್ರಿ' ಅನ್ನಬಾರದು. ನಮ್ಮ ಹುಡುಗಿ ಬಾಗಿಲಲ್ಲಿ ಕೈಮುಗಿದು ನಿಂತು, ನಗುತ್ತ, ಹೊರಟವರಿಗೆಲ್ಲ ಹೇಳುತ್ತಿದ್ದಳು: "ಥ್ಯಾಂಕ್ಸ್ ರೀ, ಮತ್ತ ಬರ್ರಿ."

"ಹೆತ್ತಾಕಿ ಸತ್ತಾಳ, ಇಕಿ ಹಲ್ಲು ಕಿಸಿತಾಳ ನೋಡ್ರಿ. ಕಣ್ಣಾಗ ಒಂದು ಹನಿ ನೀರಿಲ್ಲ," ಎಂದಳು ಅವಳ ಸೋದರತ್ತೆ.

ನನಗೆ ಮೈಯೆಲ್ಲ ಉರಿಯಿತು. "ಆಕಿ ನಗಾಕತ್ತಿಲ್ಲ. ಡ್ಯೂಟಿ ಮಾಡಾಕತ್ಯಾಳ," ಎಂದೆ.

ಐದನೆಯ ದಿನಕ್ಕೆ ಮ್ಯಾನೇಜರನ ಫೋನು. ಮದುವೆ ಸೀಸನ್ನು, ನಾಳೆಯೇ ಬರಬೇಕು, ಸಪ್ಪೆ ಮುಖ ಹಾಕಿಕೊಂಡು ಬರಬಾರದು! ಅವಳು ನಗುತ್ತಲೇ 'ಓಕೆ ಸರ್' ಎನ್ನುತ್ತಿದ್ದಳು. ನಾನು ಫೋನ್ ಕಿತ್ತುಕೊಂಡು, ಯಾವ ಕಾನ್ವೆಂಟೂ ಕಲಿಸದ ಇಂಗ್ಲಿಷಿನಲ್ಲಿ ಅವನನ್ನು ಬೈದು, ಫೋನನ್ನೇ ಆಫ್ ಮಾಡಿದೆ. ಆಮೇಲೆ ಅವಳಿಗೊಂದು ಲೋಟ ಚಹಾ ಮಾಡಿ ಕೊಟ್ಟೆ.

ಒಂದು ಗುಟುಕು ಕುಡಿದಳು. ಸೂಪರ್ ಅನ್ನುತ್ತಾಳೆಂದು ಕಾದೆ. ಅನ್ನಲಿಲ್ಲ.

"ಚಾ ಛಲೋ ಆಗಿಲ್ಲ ದೊಡ್ಡಮ್ಮ," ಎಂದಳು. "ಅವ್ವ ಶುಂಠಿ ಹಾಕ್ತಿದ್ಲು."

ಅಷ್ಟೇ. ತುಟಿ ಸೊಟ್ಟಗಾಯಿತು, ಮೂಗು ಕೆಂಪಾಯಿತು, ಎದೆ ಬಿರಿಯುವಂತೆ ಅತ್ತಳು. ಅಳುವಾಗ ಅವಳು ಥೇಟ್ ನನ್ನ ತಂಗಿ. ಇಷ್ಟು ವರ್ಷ ನಗುವಾಗ ಒಮ್ಮೆಯೂ ಹಾಗೆ ಕಂಡಿರಲಿಲ್ಲ.