ಎರಡು ಸೀಟಿನ ಗಸ್

ಬಾಯಿ ಮುಚ್ಚಿಕೊಂಡು ಕಾಫಿ ಕುಡಿದಿದ್ದರೆ ಗಸ್ ಹ್ಯಾಲ್ವರ್ಸನ್‌ಗೆ ಅವತ್ತು ಯಾವ ತೊಂದರೆಯೂ ಬರುತ್ತಿರಲಿಲ್ಲ. ಆದರೆ ಸಂತೋಷ ಹೊಟ್ಟೆಯಲ್ಲಿ ನಿಲ್ಲುವ ಪದಾರ್ಥವಲ್ಲ. ಕೋರ್ಟಿನ ಕಾಫಿ ಕೋಣೆಯಲ್ಲಿ ಪಹರೆಯ ಬರ್ನಿಸ್ ಒಬ್ಬಳೇ ಇದ್ದಾಳಲ್ಲಾ ಎಂದುಕೊಂಡು ಅವನು ವಿಷಯ ಹೇಳಿಯೇಬಿಟ್ಟ.

“ಯಾರಿಗೂ ಹೇಳ್ಬೇಡಿ ಬರ್ನಿಸ್. ನಂಗೆ ಲಾ ಸ್ಕೂಲಲ್ಲಿ ಸೀಟು ಸಿಕ್ತು. ಒಂದಲ್ಲ, ಎರಡು! ಶಿಕಾಗೋದ ಡನ್‌ಹೋಮ್, ಸೇಂಟ್ ಪಾಲ್‌ನ ಆಲ್ಡ್ರಿಕ್. ಯಾವುದಕ್ಕೆ ಹೂಂ ಅನ್ನೋದು ಅಂತ ಇವತ್ತು ಸಂಜೆಯೊಳಗೆ ಹೇಳ್ಬೇಕು.”

“ಅಯ್ಯೋ, ನಾನ್ಯಾಕಪ್ಪಾ ಯಾರಿಗಾದ್ರೂ ಹೇಳ್ಲಿ?” ಎಂದ ಬರ್ನಿಸ್, ಅವನ ಲೋಟ ಬರಿದಾಗುವಷ್ಟರಲ್ಲಿ ಕಟ್ಟಡಕ್ಕೆಲ್ಲ ಹೇಳಿ ಮುಗಿಸಿದ್ದಳು.

ಮಿನೆಸೋಟದ ಆ ಪುಟ್ಟ ಕೌಂಟಿ ಕೋರ್ಟಿನಲ್ಲಿ ಗಸ್‌ನ ಕೆಲಸ ಕೇಸುಗಳ ಹೆಸರು ಕೂಗುವುದು, ಸಾಕ್ಷಿಗಳಿಗೆ ಪ್ರಮಾಣ ಬೋಧಿಸುವುದು. ಮೂವತ್ತಾರು ದಾಟಿತ್ತು. ಆ ಕೇಸುಗಳನ್ನು ವಾದಿಸುವ ವಕೀಲ ತಾನೇ ಆಗಬೇಕೆಂದು ವರ್ಷವರ್ಷವೂ ಪ್ರವೇಶ ಪರೀಕ್ಷೆ ಬರೆದು, ವರ್ಷವರ್ಷವೂ ಸೋತಿದ್ದ. ಈ ಸಲವೂ ಸಿಗದಿದ್ದರೆ ಇನ್ನು ಆ ಮಾತೇ ಎತ್ತುವುದಿಲ್ಲವೆಂದು ಹೆಂಡತಿ ಇಂಗ್ರಿಡ್‌ಳ ಮುಂದೆ ಆಣೆ ಹಾಕಿದ್ದ. ಈಗ ನೋಡಿದರೆ ಬರಗಾಲದವನಿಗೆ ಎರಡೆರಡು ಕಡೆ ಊಟದ ಕರೆ. ಇಂಗ್ರಿಡ್‌ಗೆ ಯಾವ ಊರಾದರೂ ಸೈ, ಅವನಿಗೂ ಅಷ್ಟೇ. ನಿಜ ಹೇಳಬೇಕೆಂದರೆ ನಾಣ್ಯ ಚಿಮ್ಮಿ ಮುಗಿಸಬಹುದಾದ ವಿಷಯ ಅದು.

ಆದರೆ ಜಡ್ಜ್ ಪ್ರೂಯಿಟ್ ಡನ್‌ಹೋಮಿನಲ್ಲಿ ಓದಿದವರು. ಸರ್ಕಾರಿ ವಕೀಲೆ ಮಾರ್ಲಾ ಡೆವಿಟ್ ಆಲ್ಡ್ರಿಕ್‌ನಲ್ಲಿ ಓದಿದವಳು.

ಜಡ್ಜರು ಗಸ್‌ನನ್ನು ಒಳಕ್ಕೆ ಕರೆಸಿ ಬಾಗಿಲು ಹಾಕಿದರು. “ಏನಯ್ಯಾ, ಇದರಲ್ಲಿ ಯೋಚ್ನೆ ಮಾಡೋದೇನಿದೆ? ಡನ್‌ಹೋಮ್ ಜಡ್ಜುಗಳನ್ನ ತಯಾರು ಮಾಡತ್ತೆ. ಆಲ್ಡ್ರಿಕ್‌ನಲ್ಲಿ ಪಾರ್ಕಿಂಗ್ ದಂಡ ಹಾಕೋದು ಕಲಿಸ್ತಾರೆ ಅಷ್ಟೇ.”

ಹೊರಗೆ ಬಂದರೆ ಮಾರ್ಲಾ ತೋಳು ಹಿಡಿದಳು. “ಏನಂದ್ರು ಮುದುಕ? ಡನ್‌ಹೋಮಿನವ್ರಿಗೆ ಸಂವಿಧಾನ ಬಾಯಿಪಾಠ ಇರತ್ತೆ, ಕೋರ್ಟಿಗೆ ದಾರಿ ಗೊತ್ತಿರಲ್ಲ. ಇವ್ರು ಜಡ್ಜಾಗಿ ಬಂದ ಮೊದಲ್ನೇ ದಿನ ಬರ್ನಿಸ್ ಕೈ ಹಿಡ್ಕೊಂಡು ಪೀಠ ತೋರಿಸಿದ್ದು, ಕೇಳು ಬೇಕಾದ್ರೆ!”

ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ನಡುವೆ ನೊಗ ಹೊತ್ತವನ ತಲೆ ಕೆಟ್ಟುಹೋಯಿತು. ಕಲಾಪ ಶುರುವಾದಾಗ ಗಸ್ ಎದ್ದು ನಿಂತು ಗಂಟಲು ತುಂಬಿ ಕೂಗಿದ:

“ಮಿನೆಸೋಟ ರಾಜ್ಯ ವಿರುದ್ಧ ಡನ್‌ಹೋಮ್!”

ಕಟಕಟೆಯಲ್ಲಿದ್ದವನು ಡೆಲ್ಬರ್ಟ್ ಎಂಬ ಆಸಾಮಿ, ಮೀನುಗಾರಿಕೆಗೆ ನಿಷೇಧವಿದ್ದ ತಿಂಗಳಲ್ಲಿ ಮೀನು ಹಿಡಿದು ಸಿಕ್ಕಿಬಿದ್ದವನು. “ಅದು ನಾನಲ್ಲ ಸ್ವಾಮೀ” ಎಂದು ಅವನು ಸಂತೋಷದಿಂದ ಹೊರಟೇಬಿಟ್ಟ. ಬರ್ನಿಸ್ ಅವನನ್ನು ಹಿಡಿದು ತಂದಳು.

“ನೋಡಿದ್ರಾ ಸಾಹೇಬ್ರೇ, ನಿಮ್ಮ ಸ್ಕೂಲಿನ ಹೆಸರು ಬರೋದೇ ಅಪರಾಧಿ ಜಾಗದಲ್ಲಿ” ಎಂದಳು ಮಾರ್ಲಾ.

ಜಡ್ಜರು ಕೆಂಪಾದರು. ವಿಷಯ ಏನೆಂದು ಡೆಲ್ಬರ್ಟ್ ಕೇಳಿದ. ಬರ್ನಿಸ್ ಹೇಳಿದಳು. ಅವನು ತಲೆ ಕೆರೆದುಕೊಂಡು, “ನನ್ನ ವಕೀಲ್ರು ಆಲ್ಡ್ರಿಕ್‌ನವ್ರು. ನಾನು ಎಲ್ಲಿ ನಿಂತಿದ್ದೀನಿ ನೀವೇ ನೋಡಿ” ಎಂದ.

“ಈ ಸಾಕ್ಷ್ಯ ದಾಖಲಾಗ್ಲಿ!” ಎಂದು ಜಡ್ಜರು ಸುತ್ತಿಗೆ ಬಡಿದರು.

“ಅವ್ನ ಮೇಲೆ ಕೇಸು ಗೆಲ್ತಿರೋದೂ ಆಲ್ಡ್ರಿಕ್ಕೇ, ಅದೂ ದಾಖಲಾಗ್ಲಿ!” ಎಂದಳು ಮಾರ್ಲಾ.

ಅಲ್ಲಿಂದ ಮುಂದೆ ಡೆಲ್ಬರ್ಟ್‌ನ ಮೀನು ಎಲ್ಲರಿಗೂ ಮರೆತುಹೋಯಿತು. ಜಡ್ಜರು ಡನ್‌ಹೋಮಿನ ಗ್ರಂಥಾಲಯವನ್ನು ಬಣ್ಣಿಸಿದರು. ಮಾರ್ಲಾ ಅದರ ಹಾಸ್ಟೆಲಿನ ಇಲಿಗಳನ್ನು ಬಣ್ಣಿಸಿದಳು. ಜಡ್ಜರು ಆಲ್ಡ್ರಿಕ್‌ನ ಫುಟ್‌ಬಾಲ್ ತಂಡಕ್ಕೆ ಕೈ ಹಾಕಿದರು. ಅದು ಆಡಬಾರದ ಮಾತು. ಮಾರ್ಲಾ ಕಡತ ಮಡಚಿ, “ಈ ಪೀಠದ ಮುಂದೆ ಸರ್ಕಾರ ಇವತ್ತು ಬಾಯಿ ಬಿಡೋದಿಲ್ಲ” ಎಂದು ಹೊರನಡೆದಳು. ಜಡ್ಜರೂ ನಿಲುವಂಗಿ ಕೊಡವಿಕೊಂಡು ಒಳಹೋಗಿ ಧಡಾರನೆ ಬಾಗಿಲು ಹಾಕಿಕೊಂಡರು.

ಮಧ್ಯಾಹ್ನವಾದರೂ ಒಂದು ಕೇಸೂ ಕದಲಲಿಲ್ಲ. ಪಡಸಾಲೆಯಲ್ಲಿ ಜನ ನೆಲದ ಮೇಲೆ ಕೂತಿದ್ದರು. ವಿಚ್ಛೇದನಕ್ಕೆಂದು ಬಂದಿದ್ದ ಒಂದು ಜೋಡಿ ಕಾಯ್ದು ಕಾಯ್ದು ಹಸಿವಾಗಿ, ಒಂದೇ ಡಬ್ಬಿಯಿಂದ ಹಾಟ್‌ಡಿಶ್ ಎಂಬ ಮಾಂಸ-ಆಲೂಗಡ್ಡೆಯ ಅಡುಗೆ ಹಂಚಿಕೊಂಡು ತಿನ್ನುತ್ತಿತ್ತು.

“ಎಲ್ಲಾ ನಿನ್ನಿಂದ್ಲೇ” ಎಂದಳು ಬರ್ನಿಸ್. “ಇಪ್ಪತ್ತು ವರ್ಷದ ಸ್ನೇಹ ಅವ್ರದ್ದು. ಸುಮ್ನೆ ಇರಲಾರ್ದೆ ಇರುವೆ ಬಿಟ್ಕೊಂಡೆ.”

ಇರುವೆ ಬಿಟ್ಟವಳು ತಾನೇ ಎಂಬುದು ಅವಳಿಗೆ ನೆನಪಿರಲಿಲ್ಲ. ಗಸ್‌ಗೆ ಮಾತ್ರ ನಿಜಕ್ಕೂ ಸಂಕಟವಾಯಿತು. ಒಳ್ಳೆಯ ಮನುಷ್ಯ, ತನ್ನಿಂದ ಯಾರಾದರೂ ಮಾತು ಬಿಟ್ಟರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಮಾರ್ಲಾಳನ್ನು ಬೇಡಿಕೊಂಡು ಜಡ್ಜರ ಕೋಣೆಗೆ ಕರೆತಂದು, ಇಬ್ಬರ ಮುಂದೆ ಕೈ ಚೆಲ್ಲಿದ.

“ಸ್ವಾಮೀ, ಮೇಡಂ, ನಂಗೆ ಎರಡೂ ಒಂದೇ. ನೀವಿಬ್ರೇ ಕೂತು ರಾಜಿ ಮಾಡ್ಕೊಳ್ಳಿ. ಏನು ತೀರ್ಮಾನ ಮಾಡ್ತೀರೋ ನಂಗೊಪ್ಪಿಗೆ. ಸ್ಕೂಲಿಗೂ ನೀವೇ ಫೋನ್ ಮಾಡಿ ಹೇಳಿಬಿಡಿ.”

“ಪೂರ್ತಿ ಅಧಿಕಾರ ನಮ್ಗೇ?” ಕೇಳಿದರು ಜಡ್ಜರು.

“ಪೂರ್ತಿ.”

“ಆಮೇಲೆ ತಕರಾರು ಎತ್ತಬಾರ್ದು” ಎಂದಳು ಮಾರ್ಲಾ.

“ದೇವರಾಣೆ ಎತ್ತಲ್ಲ.”

ಬಾಗಿಲು ಮುಚ್ಚಿತು. ಮೊದಲು ಕೂಗಾಟ ಕೇಳಿಸಿತು, ಆಮೇಲೆ ಪಿಸುಮಾತು, ಆಮೇಲೆ ಒಂದು ನಗು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಗಸ್‌ನ ಎದೆ ಹಗುರಾಯಿತು. ಯಾವುದಾದರೂ ಆಗಲಿ, ಇನ್ನು ತಾನು ವಕೀಲನೇ. ಬರುವ ಚಳಿಗಾಲಕ್ಕೆ ದಪ್ಪ ಪುಸ್ತಕ ಹೊತ್ತು ಹಿಮದಲ್ಲಿ ನಡೆಯುವುದನ್ನು ನೆನೆದು ಅವನಿಗೆ ಕಣ್ಣಲ್ಲಿ ನೀರು ಬಂತು.

ಇಬ್ಬರೂ ಹಳೇ ಗೆಳೆಯರಂತೆ ಹೊರಬಂದರು. ಜಡ್ಜರು ಗಸ್‌ನ ಬೆನ್ನು ತಟ್ಟಿದರು.

“ರಾಜಿ ಆಯ್ತಯ್ಯಾ! ಚೊಕ್ಕ ರಾಜಿ.”

“ಯಾವ ಸ್ಕೂಲು ಸ್ವಾಮೀ?”

“ಯಾವುದೂ ಅಲ್ಲ” ಎಂದಳು ಮಾರ್ಲಾ. “ನೀನು ಡನ್‌ಹೋಮಿಗೆ ಹೋದ್ರೆ ನಂಗೆ ತಡ್ಕೊಳ್ಳೋಕಾಗಲ್ಲ, ಆಲ್ಡ್ರಿಕ್‌ಗೆ ಹೋದ್ರೆ ಇವ್ರಿಗೆ ನಿದ್ದೆ ಬರಲ್ಲ. ಅದಕ್ಕೆ ಇಬ್ರೂ ನಮ್ಮ ನಮ್ಮ ದಾವೆ ವಾಪಸ್ ತಗೊಂಡ್ವಿ. ಎರಡೂ ಕಡೆ ಫೋನ್ ಮಾಡಿ ನೀನು ಬರಲ್ಲ ಅಂತ ಹೇಳಾಯ್ತು.”

“ನನ್ನ ಸೀಟು?”

“ಕಾಯ್ತಾ ಇದ್ದೋರಿಗೆ ಕೊಟ್ಬಿಟ್ರು” ಎಂದರು ಜಡ್ಜರು. “ಡನ್‌ಹೋಮಿನ ಡೀನ್ ನನ್ನ ಸಹಪಾಠಿ. ತುಂಬಾ ಉಪಕಾರ ಆಯ್ತು ಅಂದ.”

ಗಸ್ ಬೆಂಚಿನಿಂದ ಎದ್ದು ನಿಂತ. “ಅಲ್ಲ ಸ್ವಾಮೀ, ಇದು ರಾಜಿ ಹೇಗಾಗತ್ತೆ?”

“ರಾಜಿ ಅಂದ್ರೇನೇ ಎರಡೂ ಕಡೆಯೋರು ಏನಾದ್ರೂ ಕಳ್ಕೋಬೇಕಯ್ಯಾ.”

“ನೀವಿಬ್ರೂ ಏನು ಕಳ್ಕೊಂಡ್ರಿ?”

“ನಿನ್ನನ್ನೇ! ಡನ್‌ಹೋಮೂ ನಿನ್ನನ್ನ ಕಳ್ಕೊಂಡ್ತು, ಆಲ್ಡ್ರಿಕ್ಕೂ ಕಳ್ಕೊಂಡ್ತು. ಸಮಸಮ.”

“ಇದಕ್ಕೆ... ಅಪೀಲು ಇಲ್ವಾ?”

ಮಾರ್ಲಾ ಮರುಕದಿಂದ ಅವನ ಕಡೆ ನೋಡಿದಳು. “ರಾಜಿ ಆದ್ಮೇಲೆ ಎಲ್ಲಿಯ ಅಪೀಲು ಗಸ್? ಅದೂ ನೀನೇ ಅಧಿಕಾರ ಕೊಟ್ಟು ಮಾಡಿಸಿದ ರಾಜಿ. ಇದನ್ನ ಮೊದಲ್ನೇ ವರ್ಷದಲ್ಲೇ ಹೇಳ್ಕೊಡ್ತಾರಪ್ಪಾ.”

“ಎಲ್ಲಿ?” ಎಂದ ಗಸ್.

“ಎರಡೂ ಕಡೆ” ಎಂದರು ಇಬ್ಬರೂ ಒಟ್ಟಿಗೆ.