ಉದ್ದನೆಯ ಲೆನ್ಸಿಗೆ ಸಿಗದ ಮಗನ ಮುಖ

ಈ ವಸಂತದಲ್ಲಿ ನಮ್ಮ ಹೈಸ್ಕೂಲಿನ ಲ್ಯಾಕ್ರಾಸ್ ತಂಡದ ಒಂದೊಂದು ಪಂದ್ಯದ ಫೋಟೋವನ್ನೂ ನಾನೇ ತೆಗೆಯುತ್ತೇನೆಂದು ಪೋಷಕರ ಸಭೆಯಲ್ಲಿ ಎದ್ದು ನಿಂತು ಘೋಷಿಸಿದೆ. ಯಾರೂ ಕೇಳಿರಲಿಲ್ಲ. ನನ್ನ ಕಣ್ಣು ತಪ್ಪಿಸಿ ಒಂದು ಚೆಂಡೂ ಗೋಲಿನೊಳಗೆ ಹೋಗದು ಎಂದೂ ಸೇರಿಸಿದೆ. ಕೆಲವರು ಚಪ್ಪಾಳೆ ತಟ್ಟಿದರು. ಡೋನಟ್ ಹಿಡಿದಿದ್ದವರು ಮೇಜು ತಟ್ಟಿದರು.

ನಾನು ಹಲ್ಲಿನ ಡಾಕ್ಟರು. ಊರಿನ ಅರ್ಧ ಜನರ ಬಾಯೊಳಗೆ ದೀಪ ಬಿಟ್ಟು ನೋಡಿದವನಿಗೆ ಮೈದಾನದಲ್ಲಿ ಓಡುವ ಹುಡುಗರು ಯಾವ ಲೆಕ್ಕ! ಮೊಳದುದ್ದದ ಲೆನ್ಸು ತಂದೆ. ಹೆಂಡತಿ ಲೋರ್ನಾ ಅದನ್ನು ಮೇಲಿಂದ ಕೆಳಗೆ ನೋಡಿ, ಇದಕ್ಕೆ ಊಟ ಹಾಕಬೇಕೋ ಪೆಟ್ರೋಲು ಹಾಕಬೇಕೋ ಎಂದು ಕೇಳಿದಳು.

ಘೋಷಣೆಯ ಹಿಂದೆ ಒಂದು ಗುಟ್ಟಿನ ಆಸೆಯಿತ್ತು. ನಮ್ಮ ಮಗ ಎಮೆಟ್‌ಗೆ ಇದು ಶಾಲೆಯ ಕೊನೆಯ ವರ್ಷ. ನಮ್ಮ ಮೈದಾನದಲ್ಲಿ ನಡೆಯುವ ಕೊನೆಯ ಪಂದ್ಯದ ಸಂಜೆ, ಶಾಲೆ ಬಿಡುವ ಹುಡುಗರನ್ನು ಅಪ್ಪ ಅಮ್ಮನ ಜೊತೆ ಹುಲ್ಲಿನ ಮೇಲೆ ನಡೆಸಿ ಬೀಳ್ಕೊಡುತ್ತಾರೆ. ಬೇಲಿಯುದ್ದಕ್ಕೂ ಒಬ್ಬೊಬ್ಬನ ಆಟದ ಫೋಟೋ ಆಳೆತ್ತರದ ಬ್ಯಾನರ್ ಆಗಿ ತೂಗುತ್ತದೆ. ಅಲ್ಲಿ ನನ್ನ ಮಗನ ಮುಖವಿರಬೇಕು, ಅದನ್ನು ನಾನೇ ತೆಗೆದಿರಬೇಕು. ಇಷ್ಟೇ.

ತೊಂದರೆಯೇನೆಂದರೆ, ಕೋಲಿನ ತುದಿಯ ಜಾಲರಿಯಲ್ಲಿ ಚೆಂಡು ಹಿಡಿದು, ಎಸೆದು, ಗೋಲು ಹೊಡೆಯುವ ಈ ಆಟದಲ್ಲಿ ಎಮೆಟ್ ಫೇಸ್-ಆಫ್ ಆಟಗಾರ. ಪ್ರತಿ ಗೋಲಾದ ಮೇಲೂ ಚೆಂಡನ್ನು ನಡುಗೆರೆಯ ಮೇಲಿಡುತ್ತಾರೆ. ಎರಡು ತಂಡಗಳಿಂದ ಒಬ್ಬೊಬ್ಬ ಬಂದು, ಜಾಲರಿಯ ಕೋಲನ್ನು ನೆಲಕ್ಕೊತ್ತಿ, ಮೂಗು ಹುಲ್ಲಿಗೆ ತಾಗುವಂತೆ ಬಗ್ಗುತ್ತಾರೆ. ಸೀಟಿ ಊದಿದರೆ ಕಿತ್ತಾಟ. ಎಮೆಟ್ ಚೆಂಡನ್ನು ಗೆದ್ದು, ಗೆಳೆಯನಿಗೆ ದಾಟಿಸಿ, ಎದ್ದೆನೋ ಬಿದ್ದೆನೋ ಎಂದು ಬೆಂಚಿಗೆ ಓಡುತ್ತಾನೆ. ಅವನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ. ನನ್ನ ಮಗನ ಇಡೀ ಕ್ರೀಡಾಜೀವನ ಒಂದು ಸೀನು ಬಂದು ಹೋಗುವಷ್ಟು ಹೊತ್ತಿನ ಕಂತುಗಳಲ್ಲಿ ನಡೆಯುವಂಥದ್ದು!

ಬಿಟ್ಟೆನೇ? ನಮ್ಮೂರಲ್ಲಿ ಮಾರ್ಚಿನಲ್ಲೂ ಬೀಳುವ ಹಿಮದಲ್ಲಿ ತೆಗೆದೆ, ಹಿಮ ಕರಗಿ ಕೆಸರಾದಾಗ ತೆಗೆದೆ, ಬೆರಳು ಮರಗಟ್ಟಿ ಯಾವ ಗುಂಡಿ ಒತ್ತಿದೆನೆಂದು ಗೊತ್ತಾಗದಿದ್ದಾಗಲೂ ತೆಗೆದೆ. ಬೇರೆಯವರ ಮಕ್ಕಳೆಲ್ಲ ವೀರಾಧಿವೀರರಾಗಿ ಮೂಡಿಬಂದರು. ಅವರ ತಾಯಂದಿರು ದಿನಸಿ ಅಂಗಡಿಯಲ್ಲಿ ನನ್ನನ್ನು ತಡೆದು ಕಣ್ಣೊರೆಸಿಕೊಂಡರು. ನನ್ನ ಮಗನದು ಮಾತ್ರ ಒಂದೋ ಆಕಾಶಕ್ಕೆತ್ತಿದ ಹಿಂಭಾಗ, ಇಲ್ಲವೇ ಆಚೆ ಬದಿಯ ಬೆಂಚಿಗೆ ಓಡುವ ಬೆನ್ನು. ಏಪ್ರಿಲ್ ಕೊನೆಗೆ ಎಲ್ಲವನ್ನೂ ಲೋರ್ನಾಗೆ ತೋರಿಸಿದೆ.

"ಅಲ್ಲ ಕಣೋ ವಾರೆನ್, ಹೆತ್ತೋಳು ನಾನು. ನಂಗೇ ಇವ್ನು ಯಾರು ಅಂತ ಗೊತ್ತಾಗ್ತಿಲ್ಲ."

"ನಂಬರ್ ನೋಡು. ಬೆನ್ನ ಮೇಲೆ ಇಷ್ಟು ದೊಡ್ದಾಗಿದೆ."

"ಬ್ಯಾನರ್‌ಗೂ ಬೆನ್ನೇ ಕೊಡ್ತೀಯಾ?"

ಅವನನ್ನು ಹಿತ್ತಲಲ್ಲಿ ನಿಲ್ಲಿಸಿ ನಗಿಸಿ ಒಂದು ತೆಗೆದರೆ ಮುಗಿಯಿತಲ್ಲ ಎಂಬುದು ಅವಳ ಸಲಹೆ. ನನ್ನೊಳಗಿನ ಕಲಾವಿದ ಸಿಡಿದೆದ್ದ. ಹಿತ್ತಲಲ್ಲಂತೆ!

ಮುಖ ಬೇಕೆಂದರೆ ಅವನು ಓಡಿ ಬರುವ ಕಡೆ ಇರಬೇಕು. ಅವನು ಬರುವುದು ಬೆಂಚುಗಳ ಮುಂದೆ ಗೆರೆ ಎಳೆದ ಒಂದು ಕಿಂಡಿಗೆ. ಆಟಗಾರರು ಬದಲಾಗುವುದು ಅಲ್ಲೇ. ಒಬ್ಬ ಪೂರ್ತಿ ಹೊರಗೆ ಬಂದ ಮೇಲೇ ಇನ್ನೊಬ್ಬ ಒಳಗೆ ಕಾಲಿಡಬೇಕು, ತಪ್ಪಿದರೆ ಶಿಕ್ಷೆ. ಫೋಟೋದವರು ಆ ಕಡೆ ಸುಳಿಯುವಂತಿಲ್ಲ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಕಲೆಗೆ ಗಡಿಯುಂಟೇ?

ಪಕ್ಕದೂರಿನ ತಂಡದೊಡನೆ ಪಂದ್ಯ. ಆಟ ಮುಗಿಯುತ್ತ ಬಂದಿತ್ತು, ಎರಡೂ ಕಡೆ ಸಮ ಗೋಲು. ನಾನು ನೀರಿನ ಡ್ರಮ್ಮಿನ ಹಿಂದಿನಿಂದ ತೆವಳಿಕೊಂಡು ಹೋಗಿ ಆ ಕಿಂಡಿಯ ಬಾಯಲ್ಲಿ ಬೋರಲು ಮಲಗಿದೆ. ಕೋಚ್ ಡಿಲೂಕಾ ನನ್ನನ್ನು ಸಾಮಾನಿನ ಚೀಲವೆಂದುಕೊಂಡು ದಾಟಿ ಹೋದರು. ಸೀಟಿ! ಎಮೆಟ್ ಚೆಂಡು ಗೆದ್ದ, ಕೊಟ್ಟ, ತಿರುಗಿದ, ನೆಟ್ಟಗೆ ನನ್ನತ್ತಲೇ ಓಡಿ ಬಂದ! ಹೆಲ್ಮೆಟ್ಟಿನ ಸರಳುಗಳ ಹಿಂದೆ ಮುಖ ಕಂಡಿತು. ಹತ್ತಿರ ಬಂತು. ಕಣ್ಣು ಅಗಲವಾಯಿತು. ಯಾಕೆ ಅಗಲವಾಯಿತೆಂದು ನಾನು ಯೋಚಿಸಬೇಕಿತ್ತು.

ಅಪ್ಪನನ್ನು ತುಳಿಯಬಾರದೆಂದು ಅವನು ಪಕ್ಕಕ್ಕೆ ಜಿಗಿದ, ಜಾರಿದ, ಗೆರೆ ದಾಟದೆ ಮೈದಾನದೊಳಗೇ ಧೊಪ್ಪೆಂದು ಬಿದ್ದ. ಇವನು ಹೊರಗೆ ಬಂದೇಬಿಟ್ಟನೆಂದು ನಂಬಿ ಬದಲಿ ಹುಡುಗ ಆಗಲೇ ಒಳಗೆ ಹಾರಿದ್ದ. ಮೈದಾನದಲ್ಲಿ ನಮ್ಮವನೊಬ್ಬ ಹೆಚ್ಚು! ತಪ್ಪಾಯಿತೆಂದು ರೆಫರಿ ಎಸೆದ ಹಳದಿ ಬಾವುಟ ಬಿತ್ತು, ಆಟ ನಿಂತಿತು. ನನ್ನ ಲೆನ್ಸೂ ಮುಖವೂ ಕೆಸರಿನಲ್ಲಿದ್ದವು. ಎಮೆಟ್ ಬಂದು ನನ್ನ ಕಂಕುಳಿಗೆ ಕೈ ಹಾಕಿ ಎತ್ತುತ್ತ, ಪೆಟ್ಟಾಯಿತೇ ಎಂದು ಕೇಳಿದ. ಹಾಗೇ ಸ್ವಲ್ಪ ನಿಲ್ಲು, ಒಂದು ಫೋಟೋ, ಎಂದೆ ನಾನು.

ಶಿಕ್ಷೆಯಾಗಿ ನಮ್ಮವನೊಬ್ಬ ಹೊರಗೆ ಕೂತ. ಅಷ್ಟರಲ್ಲೇ ಅವರು ಗೋಲು ಹೊಡೆದರು. ನಾವು ಸೋತೆವು.

ಕೋಚ್, ಮುಂದಿನ ಪಂದ್ಯಗಳಲ್ಲಿ ದಯವಿಟ್ಟು ತಮಗೆ ಕಾಣುವ ಕಡೆಯಲ್ಲೇ ನಿಲ್ಲಬೇಕೆಂದು ಮೆತ್ತಗೆ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು. ಎಮೆಟ್ ಮನೆಯಲ್ಲಿ ಉಳಿದಿದ್ದ ಚಿಲ್ಲಿ ಎಂಬ ಮಾಂಸ-ಕಾಳಿನ ಖಾರದ ಸಾರು ಬಿಸಿ ಮಾಡಿಕೊಂಡು ತಿನ್ನುತ್ತ, "ಬಿಡಪ್ಪ, ಆಯ್ತಲ್ಲ" ಎಂದ. ಮಗನ ಕೊನೆಯ ವರ್ಷವನ್ನು ಜೋಪಾನ ಮಾಡಲು ಹೋಗಿ ನಾನೇ ಅದನ್ನು ಕೆಡಿಸಿದ್ದೆ. ಲೆನ್ಸೂ ಸತ್ತಿತ್ತು. ಬ್ಯಾನರಿನ ಉಸ್ತುವಾರಿಯ ಮಾರ್ಗೋ ಫೋನು ಮಾಡಿದಾಗ, ಎಮೆಟ್‌ನದು ಒಂದೂ ಇಲ್ಲವೆಂದು ನಾಚಿಕೆ ಬಿಟ್ಟು ಒಪ್ಪಿಕೊಂಡೆ. ಅವನೇ ಒಂದು ಕಳಿಸಿದ್ದಾನೆ ಎಂದಳು ಅವಳು. ಶಾಲೆಯ ಗುರುತಿನ ಚೀಟಿಯದಿರಬೇಕೆಂದುಕೊಂಡು ಇನ್ನಷ್ಟು ಕುಗ್ಗಿದೆ.

ಬೀಳ್ಕೊಡುಗೆಯ ಸಂಜೆ ಬೇಲಿಯ ಹತ್ತಿರ ಹೋದರೆ, ಒಂದು ಬ್ಯಾನರಿನ ಮುಂದೆ ಜನ ಗುಂಪುಗೂಡಿ ನಗುತ್ತಿದ್ದರು. ಅದರಲ್ಲಿ ಎಮೆಟ್, ಹೆಲ್ಮೆಟ್ ತೆಗೆದು, ನಾನೇ ತಂತಿ ಕಟ್ಟಿ ನೆಟ್ಟಗೆ ಮಾಡಿದ ಅಷ್ಟೂ ಹಲ್ಲು ಬಿಟ್ಟು ನಗುತ್ತಿದ್ದ. ಅವನ ತೋಳಿಗೆ ಅಡಿಯಿಂದ ಮುಡಿಯವರೆಗೆ ಕೆಸರಾದ ಒಂದು ಪ್ರಾಣಿ ಜೋತುಬಿದ್ದಿತ್ತು. ಆ ಪ್ರಾಣಿ ನಾನೇ. ಗ್ಯಾಲರಿಯಲ್ಲಿ ಕೂತಿದ್ದ ಲೋರ್ನಾ ತನ್ನ ಫೋನಿನಲ್ಲಿ ತೆಗೆದದ್ದು.

"ನಾನು ಸೋಲಿಸಿದ ಪಂದ್ಯದ್ದು ಯಾಕೋ ಕೊಟ್ಟೆ?" ಎಂದು ಎಮೆಟ್‌ನನ್ನು ಕೇಳಿದೆ.

"ಇಡೀ ಸೀಸನ್ ನಿನ್ನ ಕಡೆ ತಿರುಗಿದಾಗೆಲ್ಲ ಬರೀ ಕ್ಯಾಮೆರಾನೇ ಕಾಣ್ತಿತ್ತಪ್ಪ. ಇದ್ರಲ್ಲಿ ನೀನಿದೀಯ."

ಈ ಹುಡುಗನ ಮೇಲೆ ಉಕ್ಕಿಬಂದ ಪ್ರೀತಿಗೆ ಏನು ಮಾಡಬೇಕೆಂದು ತಿಳಿಯದೆ ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಮೂವರೂ ಮೈದಾನ ದಾಟಿದೆವು.

ಆಚೆ ಬದಿಯಲ್ಲಿ ಮಾರ್ಗೋ ಕಾಯುತ್ತಿದ್ದಳು. ಮುಂದಿನ ವರ್ಷ ಅವಳ ಮಗನ ಸರದಿ. ಈ ಸೀಸನ್ನಿನಲ್ಲೇ ಅಂಥ ಫೋಟೋ ಇನ್ನೊಂದಿಲ್ಲ, ತೆಗೆದವರು ಮುಂದಿನ ವರ್ಷವೂ ಬರಲೇಬೇಕು ಎಂದಳು. ನಾನು ಅಭ್ಯಾಸಬಲದಿಂದ ಎದೆಯುಬ್ಬಿಸಿದೆ. ಅವಳು ನನ್ನನ್ನು ಬಳಸಿ ಹೋಗಿ ಲೋರ್ನಾಳ ಕೈ ಹಿಡಿದುಕೊಂಡಳು.

"ಅದಕ್ಕೇನು, ಬರ್ತೀನಿ," ಎಂದಳು ಲೋರ್ನಾ. "ಆದ್ರೆ ನಂಗೆ ಫೋಟೋ ಚೆನ್ನಾಗಿ ಬರ್ಬೇಕಂದ್ರೆ ಇವ್ನು ಎಲ್ಲಾದ್ರೂ ಬಿದ್ದಿರ್ಬೇಕು."