ಗುತ್ತೂರು ಸರಿ, ನಿಟ್ಟುವಳ್ಳಿ ಸರಿ, ಹರಿಹರ ಉತ್ತರವಿಲ್ಲ

ದೂರದ ಊರಿನ ಕಂಪ್ಯೂಟರು ನಡೀತಾ ಇದೆಯೋ ನಿಂತಿದೆಯೋ ಅಂತ ಕೂತಲ್ಲೇ ಕಾಯೋ ಕೆಲಸ ಮಾಡಿದವರನ್ನ ಯಾರನ್ನಾದರೂ ಕೇಳಿ ನೋಡಿ. ಯಂತ್ರ ಕೆಟ್ಟ ಕಥೆ ಒಂದು ಹೇಳಿದರೆ, ಯಂತ್ರದ ಮುಂದೆ ಕೂತವರ ಕಥೆ ಹತ್ತು ಹೇಳ್ತಾರೆ. ನನ್ನ ಹತ್ರ ಇಪ್ಪತ್ತಾದರೂ ಇವೆ. ಹೇಳಬಾರದ್ದನ್ನೆಲ್ಲ ಬಿಟ್ಟರೆ ನಾಲ್ಕು ಉಳೀತವೆ.

ಎಂಬತ್ತರ ದಶಕ ಮುಗೀತಾ ಬಂದ ಕಾಲ. ದಾವಣಗೆರೆಯಲ್ಲಿ ಪಂಪ್‌ಸೆಟ್ಟು ಮಾಡಿ ಮಾರೋ ಒಂದು ಕಂಪನಿಯ ಹೆಡ್ ಆಫೀಸಿನಲ್ಲಿ ನನಗೆ ಕೆಲಸ ಸಿಕ್ಕಿತ್ತು. ಕಾರ್ಖಾನೆ ಗುತ್ತೂರಿನ ಹತ್ರ, ಗೋಡೌನು ನಿಟ್ಟುವಳ್ಳಿಯಲ್ಲಿ, ಮಾರಾಟದ ಡಿಪೋ ಹರಿಹರದಲ್ಲಿ. ದೊಡ್ಡ ಕಂಪ್ಯೂಟರು ನಮ್ಮಲ್ಲಿ, ಉಳಿದ ಮೂರು ಕಡೆ ಒಂದೊಂದು ಸ್ಕ್ರೀನು, ಒಂದೊಂದು ಕೀಬೋರ್ಡು. ನಡುವೆ ಟೆಲಿಫೋನ್ ತಂತಿ. ಆ ತಂತಿ, ಆ ಸ್ಕ್ರೀನು, ಅದರ ಮುಂದಿನ ಮನುಷ್ಯ, ಮೂರೂ ನೆಟ್ಟಗಿವೆಯಾ ಅಂತ ನೋಡೋಕೆ ನಾನೊಂದು ಪ್ರೋಗ್ರಾಂ ಬರೆದಿದ್ದೆ. ಅರ್ಧ ಗಂಟೆಗೊಮ್ಮೆ ಅದು ಮೂರೂ ಕಡೆ ‘ಇದೀರಾ?’ ಅಂತ ಇಂಗ್ಲಿಷಿನಲ್ಲಿ ಕೇಳ್ತಿತ್ತು. ಅಲ್ಲಿರೋರು ಒಂದು ಕೀ ಒತ್ತಿದರೆ ‘ಸರಿ’. ಒಂದರ ಹಿಂದೊಂದು ಮೂರು ಸಲ ಕೇಳಿದರೂ ಒತ್ತದಿದ್ದರೆ ನನ್ನ ಮೇಜಿನ ಮೇಲೆ ಗಂಟೆ ಬಾರಿಸಿ, ಪ್ರಿಂಟರಿನಲ್ಲಿ ‘ಉತ್ತರವಿಲ್ಲ’ ಅಂತ ಕರಕರ ಹೊಡೆದು ಹಾಕ್ತಿತ್ತು.

ನನ್ನ ಕೆಲಸ ಆಗ ಕಾಯಂ ಆಗಿರಲಿಲ್ಲ. ಹರಿಹರದ ಒಂದು ಹುಡುಗಿಯನ್ನ ನೋಡಿ ಬಂದಿದ್ದೆ. ನನಗೆ ಒಪ್ಪಿಗೆ, ಹುಡುಗಿಗೂ ಒಪ್ಪಿಗೆ. ಅವಳ ಅಪ್ಪನಿಗೆ ಮಾತ್ರ ಕಾಯಂ ಆರ್ಡರ್ ಕಣ್ಣಾರೆ ಕಾಣಬೇಕು. ಆ ಮಹಾನುಭಾವರು ನನ್ನನ್ನ ಕೇಳೋದು ಬಿಟ್ಟು ನೇರ ಕಂಪನಿಯ ಸಾಹುಕಾರ್ರನ್ನೇ ಹೋಗಿ ಕೇಳಿಬಿಟ್ಟರು. ಸಾಹುಕಾರ್ರು ನನ್ನನ್ನ ಕರೆದರು.

“ನೋಡಪ್ಪಾ, ಎಲ್ಲಾ ಕಡೆ ಏನಾತು ಅಂತ ಫೋನಿನಾಗೇ ನನಗೆ ಗೊತ್ತಾಗ್ತೈತೆ. ಮತ್ತೆ ಈ ಪೆಟ್ಟಿಗೆ ಯಾಕ? ಮೂರು ತಿಂಗಳು ನೋಡ್ತೀನಿ. ಫೋನಿಗೆ ಗೊತ್ತಾಗದ್ದು ನಿನ್ನ ಪೆಟ್ಟಿಗೆಗೆ ಒಂದೇ ಒಂದು ಸಲ ಗೊತ್ತಾಗಲಿ, ಕಾಯಂ ಮಾಡ್ತೀನಿ. ಇಲ್ಲಾಂದ್ರೆ ಪೆಟ್ಟಿಗೆಗೂ ರಜಾ, ನಿನಗೂ ರಜಾ.”

ಮೂರು ತಿಂಗಳು ಅಂದರೆ ಬಹಳ ಆಯ್ತು ಅಂತ ಒಳಗೊಳಗೇ ನಕ್ಕೆ. ಮುಂದೆ ಯಾರು ಯಾರು ನನ್ನ ಪಾಲಿಗೆ ಕಾದು ಕೂತಿದ್ದಾರೆ ಅನ್ನೋದು ಆಗ ನನಗೇನು ಗೊತ್ತು!

೧. ನೊಗ ಇಳಿಸೋ ಹೊತ್ತು

ಮೊದಲನೇ ವಾರವೇ ಗುತ್ತೂರು ಕೈ ಕೊಡ್ತು. ಮಧ್ಯಾಹ್ನ ಹನ್ನೆರಡಾದ ಕೂಡಲೇ ಸ್ಕ್ರೀನು ಸುಮ್ಮನಾಗೋದು. ಒಂದೂವರೆಗೆ ತಾನಾಗೇ ಸರಿಹೋಗೋದು. ತಂತಿ ನೋಡಿಸಿದೆ, ಜೋಡಣೆ ಬಿಚ್ಚಿ ಹಾಕಿಸಿದೆ, ನನ್ನ ಪ್ರೋಗ್ರಾಮನ್ನ ಮೂರು ಸಲ ಮೊದಲಿಂದ ಓದಿದೆ. ತಪ್ಪು ಸಿಗಲಿಲ್ಲ. ಐದನೇ ದಿನ ತಲೆ ಕೆಟ್ಟು ಬಸ್ ಹತ್ತಿ ಗುತ್ತೂರಿಗೇ ಹೋದೆ.

ಅಲ್ಲಿ ಸ್ಕ್ರೀನು ನೋಡಿಕೊಳ್ಳೋರು ಕಾರ್ಖಾನೆಯ ಹಳೇ ಗುಮಾಸ್ತರು. ಬೆಳಿಗ್ಗೆ ಹೊಲ, ಹಗಲು ಕಾರ್ಖಾನೆ, ಸಂಜೆ ಮತ್ತೆ ಹೊಲ. ಹನ್ನೆರಡು ಬಡೀತು. ಅವರು ಎದ್ದು, ಕೈ ಒರೆಸಿಕೊಂಡು, ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ವೈರನ್ನ ಹಗ್ಗದ ಥರ ಸುತ್ತಿ ಪಕ್ಕಕ್ಕಿಟ್ಟರು.

“ಯಜಮಾನ್ರೇ, ಏನ್ ಮಾಡ್ತಿದೀರಿ?” ಅಂದೆ.

“ಬಿಟ್ಟೀನ್ರೀ.”

“ಯಾಕ್ರೀ ಬಿಟ್ರಿ?”

ಅವರು ನನ್ನ ಮುಖ ನೋಡಿದರು. ಇಷ್ಟೂ ತಿಳೀದ ಇವನಿಗೆ ಕೆಲಸ ಕೊಟ್ಟೋರು ಯಾರು ಅನ್ನೋ ನೋಟ ಅದು. “ಮುಂಜಾನೆಯಿಂದ ಒಂದೇ ಸಮ ದುಡಿದೈತೆ. ಮೈ ಮುಟ್ಟಿ ನೋಡ್ರಿ, ಹೆಂಗೆ ಕಾಯ್ದೈತೆ! ಎತ್ತಿಗಾದ್ರೂ ಮಧ್ಯಾಹ್ನ ನೊಗ ಇಳಿಸಿ ನೆರಳಿಗೆ ಕಟ್ತೀವಲ್ರೀ. ಇದೂ ಒಂದು ಜೀವ ಅಂದ್ಕಳ್ರಿ.”

ಇದು ಜೀವ ಅಲ್ಲ, ಯಂತ್ರ, ಬಿಸಿ ಆದರೆ ಏನೂ ಆಗಲ್ಲ ಅಂತ ಅರ್ಧ ಗಂಟೆ ತಿಳಿಸಿ ಹೇಳಿದೆ. ಎಲ್ಲಾ ತಾಳ್ಮೆಯಿಂದ ಕೇಳಿದರು. ಕೊನೆಗೆ, “ನೀವು ಹುಡುಗ್ರು, ನಿಮಗೆ ದುಡಿಸೋದು ಗೊತ್ತು, ಸಾಕೋದು ಗೊತ್ತಿಲ್ಲ. ಬರ್ರಿ, ರೊಟ್ಟಿ ತಿನ್ನೋಣ” ಅಂದರು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ತಿಂದ ಮೇಲೆ ನನಗೂ ವಾದ ಮಾಡೋ ಉತ್ಸಾಹ ಉಳೀಲಿಲ್ಲ.

ದಾವಣಗೆರೆಗೆ ವಾಪಸ್ ಬಂದು, ಹನ್ನೆರಡರಿಂದ ಒಂದೂವರೆವರೆಗೆ ಗುತ್ತೂರನ್ನ ಏನೂ ಕೇಳಬಾರದು ಅಂತ ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿದೆ. ಎತ್ತಿನ ವಿಶ್ರಾಂತಿಗೆ ಸಮಯ ಬರೆದಿಟ್ಟ ಕಂಪ್ಯೂಟರು ದೇಶದಲ್ಲಿ ನಮ್ಮದೊಂದೇ ಇತ್ತೇನೋ.

೨. ಚಾಚಾರ ಸಿಟ್ಟು

ನಿಟ್ಟುವಳ್ಳಿ ಗೋಡೌನಿನ ಉಸ್ತುವಾರಿ ಒಬ್ಬ ಹಿರಿಯ ಸಾಬರದ್ದು. ಎಲ್ಲರಿಗೂ ಅವರು ಚಾಚಾ. ಗಡಿಯಾರ ತಪ್ಪಿದರೂ ಚಾಚಾ ತಪ್ಪೋರಲ್ಲ. ಎರಡನೇ ವಾರ ನೋಡಿದರೆ ಅಲ್ಲಿಂದ ಒಂದಕ್ಕೂ ಉತ್ತರ ಇಲ್ಲ. ಸೈಕಲ್ ಹತ್ತಿ ಹೋದೆ. ಚಾಚಾ ಸ್ಕ್ರೀನಿಗೆ ಬೆನ್ನು ಮಾಡಿಕೊಂಡು ಕೂತಿದ್ದರು. ನನಗೂ ಮುಖ ಕೊಡಲಿಲ್ಲ. ಬೀಗದ ಕೈ ಗೊಂಚಲು ತೆಗೆದು ನನ್ನ ಮುಂದೆ ಇಟ್ಟುಬಿಟ್ಟರು.

“ತಗೋ ಬೇಟಾ. ಸಾಹುಕಾರ್ರಿಗೆ ಕೊಟ್ಟುಬಿಡು.”

“ಅಯ್ಯೋ, ಏನಾತು ಚಾಚಾ?”

“ಇಪ್ಪತ್ತು ವರ್ಷ ಆತು ಈ ಕೀಲಿ ನನ್ನ ತಾವ ಐತೆ. ಸಾಹುಕಾರ್ರು ಒಂದು ದಿನ, ಒಂದೇ ಒಂದು ದಿನ, ‘ಅದೀಯೇನು’ ಅಂತ ಕೇಳಿದ್ದಿಲ್ಲ. ನಿನ್ನ ಪೆಟ್ಟಿಗೆ ಅರ್ಧ ಅರ್ಧ ಗಂಟೆಗೆ ಕೇಳ್ತೈತೆ. ಸಲಾಮ್ ಇಲ್ಲ, ಕಲಾಮ್ ಇಲ್ಲ, ಬರೀ ‘ಇದೀಯಾ? ಇದೀಯಾ?’ ನಾನೇನು ಕಳ್ಳನಾ? ಭರೋಸಾ ಇಲ್ಲಾಂದ್ರೆ ಬ್ಯಾಡ ಬಿಡು.”

ನನಗೆ ನಿಜವಾಗಿಯೂ ಕೆಟ್ಟದೆನಿಸ್ತು. ಪ್ರೋಗ್ರಾಂ ಬರೆಯೋವಾಗ ಅತ್ತ ಕಡೆ ಒಬ್ಬ ಮರ್ಯಾದಸ್ಥ ಮನುಷ್ಯ ಕೂತಿರ್ತಾರೆ ಅಂತ ನನಗೆ ಹೊಳೆದೇ ಇರಲಿಲ್ಲ. ಕೈ ಮುಗಿದು, ಕೀಲಿ ವಾಪಸ್ ಅವರ ಕೈಗೇ ಕೊಟ್ಟು, ಆಫೀಸಿಗೆ ಬಂದು ಪ್ರಶ್ನೆ ಬದಲಾಯಿಸಿದೆ. ಮಾರನೇ ದಿನದಿಂದ ನಿಟ್ಟುವಳ್ಳಿ ಸ್ಕ್ರೀನಿನ ಮೇಲೆ ‘ಸಲಾಮ್ ಚಾಚಾ, ಖೈರಿಯತ್ತಾ?’ ಅಂತ ಬರತೊಡಗಿತು.

ಉತ್ತರ ಅರ್ಧ ನಿಮಿಷದಲ್ಲಿ ಬಂತು. ತೊಂದರೆ ಏನಂದರೆ, ಖೈರಿಯತ್ತು, ಅಂದರೆ ಕ್ಷೇಮ ಸಮಾಚಾರ, ಕೇಳಿದ ಮೇಲೆ ಒಂದು ಕೀ ಒತ್ತಿ ಸುಮ್ಮನಾಗೋ ಸ್ವಭಾವ ಚಾಚಾರದ್ದಲ್ಲ. ಒಂದೊಂದೇ ಅಕ್ಷರ ಹುಡುಕಿ ಒತ್ತಿ ವಿವರವಾಗಿ ಬರೆಯೋರು. ತಿಂಗಳ ವರದಿ ನಮ್ಮ ಆಫೀಸಿನ ಮ್ಯಾನೇಜರ ಕೈಗೆ ಹೋದಾಗ ಅದರಲ್ಲಿ ಹೀಗಿತ್ತು: “ನಿಟ್ಟುವಳ್ಳಿ: ಲೈನು ಸರಿ. ಸ್ಕ್ರೀನು ಸರಿ. ಎಡಗಾಲಿನ ಮಂಡಿ ನಿನ್ನೆಗಿಂತ ವಾಸಿ.”

೩. ಬೋರ್ಡಿನ ಅಕ್ಕಾರು

ಇವೆಲ್ಲ ಸಂಭಾಳಿಸೋದರಲ್ಲಿ ಎರಡು ತಿಂಗಳು ಕಳೀತು. ಫೋನಿಗೆ ಗೊತ್ತಾಗದ್ದು ಒಂದೂ ನನ್ನ ಪೆಟ್ಟಿಗೆಗೆ ಗೊತ್ತಾಗಿರಲಿಲ್ಲ. ಕಾರಣ, ಆಫೀಸಿಗೆ ಬರೋ ಫೋನೆಲ್ಲ ಜೋಡಿಸಿಕೊಡೋ ಬೋರ್ಡಿನ ಮುಂದೆ ಕೂರ್ತಿದ್ದ ಅಕ್ಕಾರು. ಕಿವಿಗೆ ಸಿಕ್ಕಿಸಿಕೊಂಡ ಫೋನು, ಕೈಯಲ್ಲಿ ಸ್ವೆಟರ್ ಹೆಣೆಯೋ ಕಡ್ಡಿ. ನನ್ನ ಮೇಜಿಗೂ ಅವರ ಬೋರ್ಡಿಗೂ ಹತ್ತು ಹೆಜ್ಜೆ.

ಒಂದಿನ ಬೆಳಿಗ್ಗೆ ಗಂಟೆ ಬಾರಿಸ್ತು. ಗುತ್ತೂರು, ಉತ್ತರವಿಲ್ಲ. ನೊಗ ಇಳಿಸೋ ಹೊತ್ತೂ ಅಲ್ಲ. ಇವತ್ತು ಸಿಕ್ತು ನೋಡು ಅಂತ ಕಾಗದ ಹರಿದುಕೊಂಡು ಸಾಹುಕಾರ್ರ ಕೊಠಡಿ ಕಡೆ ಓಡಿದೆ.

“ಗುತ್ತೂರಿನದಾ?” ಅಂತ ಅಕ್ಕಾರು ಹೆಣಿಗೆಯಿಂದ ತಲೆ ಎತ್ತದೇ ಕೇಳಿದರು. “ಕರೆಂಟ್ ಹೋಗಿ ಮುಕ್ಕಾಲು ಗಂಟೆ ಆತು. ಚಟ್ನಿ ಅರ್ಧ ರುಬ್ಬಿತ್ತಂತೆ, ಕ್ಯಾಂಟೀನಿನೋರು ಫೋನ್ ಮಾಡಿ ಗೋಳಾಡಿದ್ರು. ಸಾಹುಕಾರ್ರಿಗೆ ಆಗ್ಲೇ ಹೇಳೀನಿ.”

ಇನ್ನೊಂದಿನ ಹರಿಹರದ ಲೈನು ಹೋಯ್ತು. ಕಾಗದ ಹರಿಯೋಕೂ ಬಿಡಲಿಲ್ಲ. “ಬಸ್‌ಸ್ಟ್ಯಾಂಡ್ ಹತ್ರ ಕಂಬಕ್ಕೆ ಲಾರಿ ಗುದ್ದೈತೆ. ಡ್ರೈವರಿಗೆ ಏನೂ ಆಗಿಲ್ಲ, ಅದೇ ದೊಡ್ಡದು” ಅಂದರು.

“ಅಕ್ಕಾರೇ, ಒಂದು ಸಲನಾದ್ರೂ ನನಗೆ ಮೊದಲು ಗೊತ್ತಾಗೋಕೆ ಬಿಡ್ರಿ. ನನ್ನ ಮದುವೆ ಐತೆ ಇದರ ಮೇಲೆ” ಅಂತ ಅಂಗಲಾಚಿದೆ.

ಅಕ್ಕಾರಿಗೆ ಪಾಪ ಅನಿಸ್ತು. “ಆತು ಬಿಡಪ್ಪಾ. ನಾಳೆಯಿಂದ ಏನಾದ್ರೂ ಆದ್ರೆ ಮೊದಲು ನಿನಗೇ ಹೇಳ್ತೀನಿ. ನೀನು ನಿನ್ನ ಪೆಟ್ಟಿಗೆಗೆ ಹೇಳು!”

೪. ಎಲ್ಲಾ ಫಸ್ಟ್ ಕ್ಲಾಸ್

ಮೂರು ತಿಂಗಳಿಗೆ ಎರಡೇ ದಿನ ಉಳಿದಾಗ ಸಾಹುಕಾರ್ರು ಪೆಟ್ಟಿಗೆಯ ಕೆಲಸ ತಾವೇ ನಿಂತು ನೋಡ್ತೀನಿ ಅಂತ ಹೇಳಿ ಕಳಿಸಿದರು. ಮೂರೂ ಕಡೆ ಹಿಂದಿನ ದಿನವೇ ಹೇಳಿ ಇಟ್ಟಿದ್ದೆ. ಬೆಳಿಗ್ಗೆ ಹತ್ತಕ್ಕೆ ಬಂದರು. ಹಿಂದೆ ಆಫೀಸಿಗೆ ಆಫೀಸೇ ನಿಂತಿತ್ತು.

ಗುತ್ತೂರು: ಸರಿ. ನಿಟ್ಟುವಳ್ಳಿ: ಸರಿ, ಸಾಹುಕಾರ್ರಿಗೆ ಸಲಾಮ್. ಹರಿಹರ: ಉತ್ತರವಿಲ್ಲ.

ಮತ್ತೆ ಕೇಳಿಸಿದೆ. ಉತ್ತರವಿಲ್ಲ. ಗಂಟೆ ಬೇರೆ ಡಣ ಡಣ ಅಂತ ಮಾನ ಕಳೀತು. ಹುಡುಗಿಯ ಊರೇ ಕೈಕೊಟ್ಟಿತ್ತು.

ಸಾಹುಕಾರ್ರು ಅಕ್ಕಾರಿಗೆ ಹೇಳಿ ಹರಿಹರಕ್ಕೆ ಫೋನ್ ಹಚ್ಚಿಸಿದರು. ಡಿಪೋ ಮ್ಯಾನೇಜರ ದನಿ ನಮಗೆಲ್ಲ ಕೇಳೋ ಹಾಗಿತ್ತು. “ಎಲ್ಲಾ ಫಸ್ಟ್ ಕ್ಲಾಸ್ ಸಾರ್! ಕಂಪ್ಯೂಟ್ರು? ನನ್ನ ಮುಂದೇ ಐತೆ ಸಾರ್, ಝುಂ ಅಂತ ಓಡ್ತೈತೆ!”

ಸಾಹುಕಾರ್ರು ಫೋನ್ ಇಟ್ಟು ನನ್ನನ್ನ ನೋಡಿದರು. “ಫೋನು ಓಡ್ತೈತೆ ಅಂತೈತೆ. ನಿನ್ನ ಪೆಟ್ಟಿಗೆ ಇಲ್ಲ ಅಂತೈತೆ. ಯಾವುದು ನಿಜ?”

“ಪೆಟ್ಟಿಗೆ ಸುಳ್ಳು ಹೇಳಲ್ರೀ” ಅಂದೆ. ಎಲ್ಲಿಂದ ಬಂತೋ ಧೈರ್ಯ.

“ನಡಿ, ನೋಡೇಬಿಡೋಣ.”

ಕಾರು ತೆಗೆದು ಹರಿಹರಕ್ಕೇ ಹೊರಟರು. ದಾರಿಯುದ್ದಕ್ಕೂ ನಾನು ಕಿಟಕಿಯಾಚೆ ಕಬ್ಬಿನ ಗದ್ದೆ ನೋಡ್ತಾ, ಹುಡುಗಿಯ ಅಪ್ಪನಿಗೆ ಏನು ಹೇಳೋದು ಅಂತ ಯೋಚಿಸ್ತಿದ್ದೆ. ಡಿಪೋ ಒಳಗೆ ಕಾಲಿಟ್ಟರೆ, ಕಂಪ್ಯೂಟರಿನ ಮೇಲೆ ಹೊಸ ಜರತಾರಿ ಬಟ್ಟೆ ಹೊದಿಸಿ, ಕುಂಕುಮ ಇಟ್ಟು, ಸೇವಂತಿಗೆ ಏರಿಸಿ, ಎರಡು ಊದುಬತ್ತಿ ಹಚ್ಚಿದ್ದರು. ಪ್ಲಗ್ಗು ಗೋಡೆಯಿಂದ ಕಿತ್ತು ಕೆಳಗೆ ಬಿದ್ದಿತ್ತು.

ಮ್ಯಾನೇಜರ ಮುಖ ಇಳಿದುಹೋಯ್ತು. “ಸಾರ್... ಅದು... ತಾವು ನೋಡೋ ಹೊತ್ತಿಗೆ ಎಲ್ಲಿ ಕೆಟ್ಟು ನಿಲ್ತೈತೋ ಅಂತ ಭಯ ಆತು. ಅದಕ್ಕೆ ಬೆಳಿಗ್ಗೇನೇ ಬಂದ್ ಮಾಡಿ ಜ್ವಾಪಾನ ಮಾಡೀನಿ.”

ಸಾಹುಕಾರ್ರು ಬೈದ ಬೈಗುಳ ಬಸ್‌ಸ್ಟ್ಯಾಂಡಿಗೂ ಕೇಳಿರಬೇಕು. “ಯಂತ್ರ ಇರೋದು ನಡೆಸೋಕೋ, ಹೊದಿಸಿ ಪೂಜೆ ಮಾಡೋಕೋ? ಇದೇನು ನಿಮ್ಮನೆ ದೇವರ ಜಗಲಿ ಏನ್ರೀ?” ಮ್ಯಾನೇಜರು ನೆಲ ನೋಡ್ತಾ ನಿಂತಿದ್ದರು. ನನಗೆ ಮಾತ್ರ ಅವರ ಕಾಲಿಗೆ ಬೀಳೋಷ್ಟು ಸಂತೋಷ.

ದಾವಣಗೆರೆಗೆ ವಾಪಸ್ ಬಂದ ಮೇಲೆ ಸಾಹುಕಾರ್ರು ಖುಷಿಯಲ್ಲಿದ್ದರು. “ಫೋನಿಗೆ ಗೊತ್ತಾಗದ್ದು ಇದಕ್ಕೆ ಗೊತ್ತಾತು. ಇವತ್ತಿನ ಪಟ್ಟಿ ಪೂರ್ತಿ ತಾ ಇಲ್ಲಿ, ನಾನೇ ಓದ್ತೀನಿ” ಅಂತ ಕಾಗದ ಕಿತ್ತುಕೊಂಡು ಎಲ್ಲರ ಮುಂದೆ ಗಟ್ಟಿಯಾಗಿ ಓದಿದರು. ಗುತ್ತೂರು, ನಿಟ್ಟುವಳ್ಳಿ, ಹರಿಹರ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಕೆಳಗೆ ಇನ್ನೊಂದು ಸಾಲಿತ್ತು.

“ಸಾಹುಕಾರ್ರ ಕೊಠಡಿ: ಎಂಬತ್ತೆಂಟು ದಿನದಿಂದ ಉತ್ತರವಿಲ್ಲ.”

ಮೊದಲನೇ ದಿನ ಗೌರವಕ್ಕೆ ಅಂತ ಅವರ ಕೊಠಡಿಯಲ್ಲೂ ಒಂದು ಸ್ಕ್ರೀನು ಇಟ್ಟಿದ್ದೆ. ಅವರು ಅದನ್ನ ಮುಟ್ಟಲ್ಲ ಅಂತ ಗೊತ್ತಾಗಿ ಗಂಟೆ ಬಾರಿಸೋದನ್ನ ತೆಗೆದಿದ್ದೆ. ಪಟ್ಟಿಯ ಸಾಲು ತೆಗೆಯೋದು ಮರೆತಿದ್ದೆ. ಅಕ್ಕಾರ ಹೆಣಿಗೆ ಕಡ್ಡಿ ನಿಂತಿತ್ತು.

“ಬಾ ಒಳಗೆ” ಅಂದರು ಸಾಹುಕಾರ್ರು.

ಹೋದೆ. ಮೂಲೆಯಲ್ಲಿ ಸ್ಕ್ರೀನು. ಅದರ ಮೇಲೆ ಬಿಳೀ ಕ್ರೋಶಾ ಬಟ್ಟೆ, ಸಾಹುಕಾರ್ರ ಮನೆಯವರೇ ಕೂತು ಹೆಣೆದದ್ದು. ಬಟ್ಟೆಯ ಮೇಲೆ ದೇವರ ಫೋಟೋ, ಫೋಟೋಗೆ ಹಾರ, ಹಾರದ ಮುಂದೆ ಆರಿದ ಊದುಬತ್ತಿ. ಸಾಹುಕಾರ್ರು ಬಾಗಿಲು ಹಾಕಿದರು. ಆಮೇಲೆ ದನಿ ತಗ್ಗಿಸಿದರು.

“ನಮ್ಮ ಮನೆಯವರು ಇಟ್ಟಿದ್ದು. ಅದನ್ನ ಸರಿಸೋ ಧೈರ್ಯ ನನಗಂತೂ ಇಲ್ಲ. ನಿನಗೈತೇನು?”

“ಇಲ್ರೀ” ಅಂದೆ.

ಮೇಜಿಗೆ ಹೋಗಿ ಒಂದು ಚೀಟಿಯಲ್ಲಿ ಬರೆದು, ಸಹಿ ಹಾಕಿ ನನ್ನ ಕೈಗೆ ಕೊಟ್ಟರು. ಕಾಯಂ. ಓದಿ ನನ್ನ ಕಣ್ಣಲ್ಲಿ ನೀರು ಬಂದುಬಿಡ್ತು.

“ಆ ಕೊನೇ ಸಾಲು ತೆಗೆದುಬಿಡ್ಲೇನ್ರೀ?” ಅಂತ ಮೆಲ್ಲಗೆ ಕೇಳಿದೆ.

“ಇರಲಿ ಬಿಡು” ಅಂದರು ಸಾಹುಕಾರ್ರು. “ಹೋಗು, ಮದುವೆ ಮಾಡ್ಕೋ. ವರ್ಷ ತುಂಬೋದ್ರೊಳಗೆ ನೀನೇ ಬಂದು ಅದರ ಕೆಳಗೆ ನಿನ್ನ ಹೆಸರು ಸೇರಿಸ್ತೀಯ.”